ಬಿಡುವೆಂಬ ಸಾಧನೆ

ಕಾಯಕವನ್ನೇ ಕೈಲಾಸವೆಂದು ನಂಬಿ ನಡೆದ ಜನಕ್ಕೆ, ಕೈಯಲ್ಲಿ ಕಾಯಕವಿಲ್ಲದ ಹೊತ್ತು ಯಾವ ಲೋಕಕ್ಕೆ ಸೇರಿದುದು ಎಂಬ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಕೇಳಿಕೊಳ್ಳುವುದಿಲ್ಲ. ಬಿತ್ತನೆಯೂ ಸುಗ್ಗಿಯೂ ಒಂದರ ಬೆನ್ನಿಗೊಂದು ಬರುವ ಒಕ್ಕಲುತನದಲ್ಲಿ ಅದನ್ನು ಕೇಳಿಕೊಳ್ಳಲು ಬೇಕಾದ ಬಿಡುವೇ ದೊರೆಯದು. ಆದರೆ ಈಚಿನ ವರ್ಷಗಳಲ್ಲಿ, ಮೇ ತಿಂಗಳ ಶಾಲೆಯ ಸೂಟಿ ಬಂತೆಂದರೆ, ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ಉಮದಿ, ಸಂಖ, ಮಾಡಗ್ಯಾಳಗಳಂಥ ಕನ್ನಡದ ಊರುಗಳಿಂದಲೂ ಮನೆಮಂದಿಯೆಲ್ಲ ಒಂದು ಬಾಡಿಗೆಯ ಗಾಡಿಯಲ್ಲಿ ಕೂತು ಕೊಂಕಣದ ಕಡಲ ದಂಡೆಗೆ ಹೊರಡುವುದುಂಟಾದುದರಿಂದ, ಆ ಪ್ರಶ್ನೆಯು ಈಗ ತಾನಾಗಿಯೇ ಎದ್ದು ನಿಂತಿದೆ. ದೇವರಿಗೆ ಹೋಗುವವನಿಗೆ ಹರಕೆಯುಂಟು, ಮದುವೆಗೆ ಹೋಗುವವನಿಗೆ ಮುಯ್ಯಿಯುಂಟು, ಸಂತೆಗೆ ಹೋಗುವವನಿಗೆ ವ್ಯಾಪಾರವುಂಟು; ಸಮುದ್ರದ ಮುಂದೆ ಸುಮ್ಮನೆ ಕುಳಿತುಕೊಳ್ಳಲು ಹೋಗುವವನಿಗೆ ಏನುಂಟು? ಅವನು ಅಲ್ಲಿ ಕಳೆಯುವ ಹೊತ್ತು ಧರ್ಮಕ್ಕೆ ಸಂದುದೋ, ಧರ್ಮದಿಂದ ಕದ್ದುದೋ?

ಈ ಪ್ರಶ್ನೆಯ ತೂಕವನ್ನು ತಿಳಿಯಬೇಕಾದರೆ ಆ ನೆಲದ ಸ್ವರೂಪವನ್ನು ತುಸು ಬಲ್ಲವರಾಗಿರಬೇಕು. ಅರಬ್ಬೀ ಸಮುದ್ರದಿಂದ ಎದ್ದು ಬರುವ ಮುಂಗಾರಿನ ಮೋಡಗಳು ಸಹ್ಯಾದ್ರಿಯ ಪಡುವಣ ಮೈಮೇಲೆ ತಮ್ಮ ಭಾರವನ್ನೆಲ್ಲ ಇಳಿಸಿ, ಘಟ್ಟವನ್ನು ದಾಟಿ ಮೂಡಣಕ್ಕೆ ಬರುವಷ್ಟರಲ್ಲಿ ಬರಿದಾಗಿರುತ್ತವೆ. ರತ್ನಾಗಿರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೆ ಮಿಕ್ಕಿ ಸುರಿಯುವ ಮಳೆಯ ಆರರಲ್ಲೊಂದು ಪಾಲು ಜತ್ತದ ಸೀಮೆಗೆ ಬಂದರೆ ಅದು ಒಳ್ಳೆಯ ವರ್ಷ. ಬಂದಷ್ಟು ನೀರಾದರೂ ತಾನು ಹುಟ್ಟಿದ ಕಡಲಿಗೆ ಮರಳುವುದಿಲ್ಲ. ಈ ಸೀಮೆಯಲ್ಲಿ ಹುಟ್ಟುವ ಡೋಣಿ ನದಿಯು ವಿಜಯಪುರ ಜಿಲ್ಲೆಯನ್ನು ಹಾದು ಕೃಷ್ಣೆಯನ್ನು ಕೂಡಿ, ಅವಳೊಡನೆ ಪೂರ್ವಸಮುದ್ರದ ಪಾಲಾಗುತ್ತದೆ. ಮ್ಹೈಸಾಳದ ಏತ ನೀರಾವರಿಯಿಂದ ಅದೇ ಕೃಷ್ಣೆಯ ನೀರು ಹಂತಹಂತವಾಗಿ ಮೇಲೇರಿ ತಾಲೂಕಿನ ಕೆಲವು ಊರುಗಳನ್ನು ಮುಟ್ಟಿರುವುದಾದರೂ, ನೀರು ಎಂಬುದು ಇಲ್ಲಿ ಇಂದಿಗೂ ಪಾಳಿಯ ವಸ್ತು, ಕಾಯುವ ವಸ್ತು, ಜಗಳದ ವಸ್ತು. 1972ರ ಬರಗಾಲದಲ್ಲಿ ಕಾಮಗಾರಿಯ ಮೇಲೆ ಕಲ್ಲೊಡೆದವರು ಇನ್ನೂ ನಮ್ಮ ಮನೆಗಳಲ್ಲಿ ಇದ್ದಾರೆ. ಕೈ ಸುಮ್ಮನಿದ್ದರೆ ಹೊಟ್ಟೆಯೂ ಸುಮ್ಮನಿರಬೇಕಾದೀತೆಂಬ ಆ ಕಾಲದ ಭಯವು ಅವರನ್ನು ಬಿಟ್ಟಿಲ್ಲವಾಗಿ, ಹಬ್ಬದ ಮಧ್ಯಾಹ್ನದಲ್ಲಿಯೂ ಅವರ ಬೆರಳುಗಳು ಶೇಂಗಾ ಸುಲಿಯುತ್ತಲೇ ಇರುತ್ತವೆ. ಇಂಥವರಿಗೆ ವಿಶ್ರಾಂತಿಯು ಒಂದು ಸುಖವೆಂದು ಹೇಳಿದರೆ ನಂಬರು. ಅದೊಂದು ಧರ್ಮವೆಂದು ಹೇಳಿದರೆ ನಕ್ಕಾರು.

ಅವರ ನಗೆಗೆ ಆಧಾರವಿಲ್ಲದಿಲ್ಲ. ಶರಣರು ಕಾಯಕಕ್ಕೆ ಕೊಟ್ಟ ಸ್ಥಾನವನ್ನು ವಿಶ್ರಾಂತಿಗೆ ಕೊಟ್ಟವರಲ್ಲ. ಉಮರಾಣಿಯಲ್ಲಿ ಲಿಂಗಮ್ಮನಾಗಿ ಹುಟ್ಟಿ ಗುಡ್ಡಾಪುರದಲ್ಲಿ ದಾನಮ್ಮನಾಗಿ ನಿಂತ ತಾಯಿಯ ಜಾತ್ರೆಗೆ ಛಟ್ಟಿ ಅಮಾವಾಸ್ಯೆಯಂದು ನಾಡಿನ ಮೂಲೆಮೂಲೆಗಳಿಂದ ಜನರು ನಡೆದು ಬರುತ್ತಾರಲ್ಲದೆ, ಅಂಗಾಲಿನ ಬೊಕ್ಕೆಯನ್ನು ಭಕ್ತಿಯ ಲೆಕ್ಕದಲ್ಲಿಯೇ ಹಿಡಿಯುತ್ತಾರೆ. ನಮ್ಮ ಯಾತ್ರೆಯೂ ಒಂದು ಬಗೆಯ ದುಡಿತವೇ. ಆದರೂ ಶರಣರ ಕಥೆಗಳಲ್ಲಿ ನಾವು ಅರ್ಧವನ್ನು ಮಾತ್ರ ನೆನೆದು ಉಳಿದರ್ಧವನ್ನು ಮರೆತಿರುವೆವೆಂದು ನನಗೆ ತೋರುತ್ತದೆ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಆಯ್ದಕ್ಕಿ ಮಾರಯ್ಯನ ಕಾಯಕವಷ್ಟೆ. ಅನುಭಾವದ ಮಾತಿನಲ್ಲಿ ಅವನು ಮೈಮರೆತು ಕುಳಿತಿದ್ದಾಗ, ಕಾಯಕದ ಹೊತ್ತು ಮೀರಿತೆಂದು ಎಚ್ಚರಿಸಿದವಳು ಅವನ ಹೆಂಡತಿ ಲಕ್ಕಮ್ಮ. ಈ ಭಾಗವನ್ನು ಎಲ್ಲರೂ ಬಲ್ಲರು. ಆದರೆ ಅವನು ನಿತ್ಯದ ಪ್ರಮಾಣವನ್ನು ಮೀರಿ ಹೆಚ್ಚು ಅಕ್ಕಿಯನ್ನು ತಂದ ದಿವಸ, ಇದು ನಮಗೆ ಸಲ್ಲದು, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದು ಹಿಂದಕ್ಕೆ ಕಳುಹಿದವಳೂ ಆ ಲಕ್ಕಮ್ಮನೇ. ಕಾಯಕಕ್ಕೆ ಒಂದು ಅಳತೆಯುಂಟು. ಅಳತೆಯನ್ನು ಮೀರಿದ ದುಡಿತವು ಕಾಯಕದ ವೇಷವನ್ನು ತೊಟ್ಟ ಆಸೆಯಾಗುತ್ತದೆ. ಮೈಗಳ್ಳತನವನ್ನು ಕಂಡು ಸಿಡುಕಿದ ಅದೇ ಕಣ್ಣು ಅತಿದುಡಿತವನ್ನೂ ಕಂಡು ಸಿಡುಕಿತೆಂಬುದು ನಾವು ನೆನೆಯಬೇಕಾದ ಸಂಗತಿ.

ಅಳತೆಯ ಈ ಅರಿವು ಒಕ್ಕಲಿಗನಿಗೆ ಹೊಸತೇನಲ್ಲ. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗವಿಡುವುದಿಲ್ಲ, ಬಸವಣ್ಣನ ವಾರವದು. ಎಳ್ಳಮಾವಾಸ್ಯೆಯಂದು ಮನೆಮಂದಿಯೆಲ್ಲ ಸಜ್ಜೆಯ ರೊಟ್ಟಿ, ಶೇಂಗಾ ಹೋಳಿಗೆ, ಕಡುಬು, ಬರ್ತ, ಪುಂಡಿಪಲ್ಲೆಗಳನ್ನು ಕಟ್ಟಿಕೊಂಡು ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ನೆಲವನ್ನು ಕೆರೆಯದೆ ಕೆದರದೆ ಅದರ ಅತಿಥಿಗಳಂತೆ ಅಲ್ಲಿ ಉಂಡು ಕುಳಿತು ಬರುತ್ತಾರೆ. ವೇದಾಧ್ಯಯನವನ್ನೇ ಪರಮಧರ್ಮವೆಂದ ಸ್ಮೃತಿಕಾರರೂ ಅಮಾವಾಸ್ಯೆ, ಹುಣ್ಣಿಮೆ, ಅಷ್ಟಮಿಗಳಲ್ಲಿ ಅನಧ್ಯಾಯವನ್ನು ವಿಧಿಸಿದರು. ಯೆಹೂದ್ಯರ ಧರ್ಮಶಾಸನವು ಏಳನೆಯ ದಿನದ ವಿರಾಮವನ್ನು ಯಜಮಾನನಿಗಷ್ಟೇ ಕೊಡದೆ, ಅವನ ಆಳಿಗೆ, ಎತ್ತಿಗೆ, ಕತ್ತೆಗೆ, ಮನೆಯಲ್ಲಿ ತಂಗಿದ ಪರದೇಶಿಗೆ ಸಹ ಕೊಟ್ಟಿತು. ಮುಂಬಯಿಯ ಗಿರಣಿಯವರಿಗೆ 1890ರಲ್ಲಿ ರವಿವಾರದ ಸೂಟಿ ದೊರೆತುದು ಜ್ಯೋತಿಬಾ ಫುಲೆಯವರ ಒಡನಾಡಿ ನಾರಾಯಣ ಮೇಘಾಜಿ ಲೋಖಂಡೆಯವರ ವರ್ಷಾನುವರ್ಷದ ಹೋರಾಟದಿಂದ. ರವಿವಾರವು ಖಂಡೋಬನ ವಾರವೆಂಬುದೂ ಅವರ ವಾದದಲ್ಲಿ ಸೇರಿತ್ತು. ಸ್ವತಂತ್ರ ಭಾರತದ 1948ರ ಕಾರ್ಖಾನೆ ಕಾಯಿದೆಯು 20 ದಿವಸದ ದುಡಿತಕ್ಕೆ ಒಂದು ದಿವಸದ ಸಂಬಳದ ರಜೆಯೆಂದು ಲೆಕ್ಕ ಹಾಕಿತು. ಒಕ್ಕಲಿಗನಿಗೆ ಅಂಥ ಕಾಯಿದೆಯಿಲ್ಲ. ಅವನಿಗೆ ಉಳಿದಿರುವುದು ಸೋಮವಾರ ಮತ್ತು ಅಮಾವಾಸ್ಯೆ. ಟ್ರ್ಯಾಕ್ಟರು ಬಂದ ಮೇಲೆ ಸೋಮವಾರವೂ ಉಳಿಯಲಿಲ್ಲ.

ಇವೆಲ್ಲವೂ ದುಡಿತವನ್ನು ಹೊರಗಿನಿಂದ ನಿಲ್ಲಿಸುವ ಏರ್ಪಾಡುಗಳು. ನೊಗವನ್ನು ಇಳಿಸಲು ಒಂದು ಕ್ಷಣ ಸಾಕು. ಆದರೆ ನೊಗವಿಳಿದ ಹೆಗಲು ತನ್ನ ಮೇಲೆ ನೊಗವಿಲ್ಲವೆಂಬುದನ್ನು ನಂಬಲು ಬಹಳ ಹೊತ್ತು ಹಿಡಿಯುತ್ತದೆ. ಬಿಗಿಯಾಗಿ ಹೊಸೆದ ಹಗ್ಗವನ್ನು ಒಮ್ಮೆಲೇ ಸಡಿಲಬಿಟ್ಟರೆ ಅದು ನೇರವಾಗದೆ ತನ್ನ ಹುರಿಯ ಬಲದಿಂದಲೇ ಸುತ್ತಿಕೊಂಡು ಗಂಟಾಗುತ್ತದೆ. ಹೊಸೆದ ಕೈಯೇ ತಾಳ್ಮೆಯಿಂದ ಒಂದೊಂದೇ ಸುತ್ತನ್ನು ಹಿಂದಕ್ಕೆ ಬಿಚ್ಚಿದರೆ ಮಾತ್ರ ಎಳೆಗಳು ತಮ್ಮತಮ್ಮ ಸ್ಥಾನಕ್ಕೆ ಬರುತ್ತವೆ. ಮನಸ್ಸಿನ ಹುರಿಯೂ ಇಂಥದೇ. ಇದನ್ನು ನಾನು ಗ್ರಂಥಗಳಲ್ಲಿ ಓದಿದ್ದುದು ಹಿಂದೆ. ಬಂಧುಗಳ ಒಂದು ಒಕ್ಕಲು ಮನೆತನದ ಜತೆಗೂಡಿ ಮಿರಜ, ಕೊಲ್ಹಾಪುರಗಳನ್ನು ಹಾದು, ಅಂಬಾಘಾಟವನ್ನು ಇಳಿದು, ಗಣಪತಿಪುಳೆಯ ದಂಡೆಯಲ್ಲಿ ತಂಗಿದ್ದಾಗ ಕಣ್ಣಾರೆ ಕಂಡೆ.

ಸದಾನಂದನ ‘ವೇದಾಂತಸಾರ’ವು ಸಮಾಧಿಯ ದಾರಿಯಲ್ಲಿ ನಾಲ್ಕು ವಿಘ್ನಗಳನ್ನು ಎಣಿಸುತ್ತದೆ: ಲಯ, ವಿಕ್ಷೇಪ, ಕಷಾಯ, ರಸಾಸ್ವಾದ. ಗುಹೆಯಲ್ಲಿ ಕುಳಿತ ಯತಿಗೆಂದು ಹೇಳಿದ ಮಾತು ಸಂಸಾರಿಗಳ ಸೂಟಿಗೆ ಅನ್ವಯಿಸೀತೆಂದು ಆ ಗ್ರಂಥಕಾರನು ಎಣಿಸಿರಲಾರನು. ಆದರೆ ಚಿತ್ತವು ಯತಿಯದಾದರೇನು, ಗೃಹಸ್ಥನದಾದರೇನು, ಬಿಗಿಯಿಂದ ಬಿಡುವಿಗೆ ಬರುವಾಗ ಅದು ಹಾಯಬೇಕಾದ ಹೊಳೆಗಳು ಅವೇ. ಹಾಯುವ ಅನುಕ್ರಮದಲ್ಲಿ ಮಾತ್ರ ತುಸು ಭೇದವಿದ್ದೀತು.

ಮೊದಲು ಬಂದುದು ವಿಕ್ಷೇಪ. ಈ ಮನೆಯವರದು ದ್ರಾಕ್ಷಿಯ ತೋಟ. ಅಕ್ಟೋಬರದಲ್ಲಿ ಬಳ್ಳಿಯನ್ನು ಸವರುವ ಚಾಟಣಿ, ಅಲ್ಲಿಂದಾಚೆ ಔಷಧಿಯ ಮೇಲೆ ಔಷಧಿ, ಮಾಘ ಫಾಲ್ಗುಣಗಳಲ್ಲಿ ಕೊಯ್ಲು, ಶೆಡ್ಡಿನ ಜಾಳಿಗೆಗಳ ಮೇಲೆ ಹಣ್ಣನ್ನು ಬೇದಾಣೆಯಾಗಿ, ಎಂದರೆ ಒಣದ್ರಾಕ್ಷಿಯಾಗಿ, ಒಣಗಿಸುವುದು, ಏಪ್ರಿಲದಲ್ಲಿ ಮತ್ತೆ ಚಾಟಣಿ. ಹೀಗೆ ಬಳ್ಳಿಯು ವರ್ಷವಿಡೀ ಮನುಷ್ಯನನ್ನು ತನ್ನ ಸುತ್ತ ತಿರುಗಿಸುತ್ತದೆ. ಕಡಲನ್ನು ಕಂಡ ಮೊದಲ ಸಂಜೆ ಮನೆಯ ಯಜಮಾನನು ಅಲೆಗಳಿಗೆ ಬೆನ್ನು ಮಾಡಿ ನಿಂತು, ಒಂದು ಕಿವಿಯನ್ನು ಬೆರಳಿನಿಂದ ಮುಚ್ಚಿಕೊಂಡು ಇನ್ನೊಂದಕ್ಕೆ ಮೊಬೈಲನ್ನು ಒತ್ತಿಹಿಡಿದು, ತೋಟದಲ್ಲಿದ್ದ ಆಳಿನೊಡನೆ, “ಏ ತಮ್ಮಾ, ಲೈಟ್ ಬಂತೇನೋ? ಮೋಟರ್ ಚಾಲೂ ಆತ?” ಎಂದು ಕೂಗುತ್ತಿದ್ದನು. ತ್ರೀ ಫೇಸ್ ವಿದ್ಯುತ್ತು ಬರುವ ಹೊತ್ತು ಅವನ ನರನಾಡಿಗಳಲ್ಲಿ ಸೇರಿಹೋಗಿತ್ತು. ಪಂಚೇಂದ್ರಿಯಗಳು ದಂಡೆಯ ಮೇಲಿದ್ದವು, ಪ್ರಾಣವು ಸ್ಟಾರ್ಟರಿನ ಬಳಿ ಇದ್ದಿತು. ಮಕ್ಕಳು ಮಾತ್ರ ಅದಾಗಲೇ ನೀರಿನಲ್ಲಿದ್ದರು. ಬಿಚ್ಚಿಕೊಳ್ಳಬೇಕಾದ ಹುರಿಯೇ ಇಲ್ಲದವರಿಗೆ ಬಿಡುವಿನ ಅಭ್ಯಾಸವೂ ಬೇಕಿಲ್ಲ.

ಬಳಿಕ ಲಯ. ವರ್ಷದ ದಣಿವೆಲ್ಲ ಒಟ್ಟಾಗಿ ಬಂದು ಮೇಲೆ ಬಿದ್ದಂತೆ, ದೊಡ್ಡವರೆಲ್ಲರೂ ಉಂಡು ಮಲಗಿದರು. ಎದ್ದು ಚಹಾ ಕುಡಿದು ಮತ್ತೆ ಮಲಗಿದರು. ಬಹು ಜನರು ಇದನ್ನೇ ವಿಶ್ರಾಂತಿಯೆಂದು ತಿಳಿದು ಇಷ್ಟಕ್ಕೇ ತೃಪ್ತರಾಗಿ ಊರಿಗೆ ಮರಳುವುದುಂಟು. ದೇಹಕ್ಕೆ ನಿದ್ರೆಯ ಋಣವು ಸಲ್ಲಬೇಕಾದುದೇ ಸರಿ. ಆದರೆ ನಿದ್ರೆಯಲ್ಲಿ ಬಿಡುವನ್ನು ಅನುಭವಿಸುವವನೇ ಇರುವುದಿಲ್ಲ. ಹೂತಿಟ್ಟ ಹೊನ್ನಿನ ಮೇಲೆ ದಿನವೂ ನಡೆದಾಡುತ್ತಿದ್ದರೂ ಅದನ್ನು ಅರಿಯದವರ ದೃಷ್ಟಾಂತವನ್ನು ಛಾಂದೋಗ್ಯವು ಕೊಡುವುದು ಈ ಸುಷುಪ್ತಿಯನ್ನು ಕುರಿತೇ. ಚಿತ್ತವು ಲಯಕ್ಕೆ ಜಾರಿದಾಗ ಅದನ್ನು ಎಚ್ಚರಿಸಬೇಕು, ಚದರಿದಾಗ ಶಮನಗೊಳಿಸಬೇಕು ಎಂದು ಗೌಡಪಾದರು ಎರಡೂ ಕಡೆಯ ಜಾಗ್ರತೆಯನ್ನು ಹೇಳಿದರು.

ಮೂರನೆಯದಾದ ಕಷಾಯವು ಎಲ್ಲಕ್ಕಿಂತ ಕಷ್ಟತರವಾದುದು. ಒಳಗೆ ಹುದುಗಿದ್ದ ರಾಗದ್ವೇಷಗಳ ವಾಸನೆಯು ಬಿಡುವು ಸಿಕ್ಕೊಡನೆ ಮೇಲಕ್ಕೆದ್ದು ಚಿತ್ತವನ್ನು ಜಡವಾಗಿಸುವುದೇ ಕಷಾಯ. ದುಡಿತದ ಗದ್ದಲದಲ್ಲಿ ಮಾತಿಗೆ ಬಾರದೆ ಉಳಿದ ಸಂಗತಿಗಳು ಮನೆತನದಲ್ಲಿ ಎಷ್ಟೋ ಇರುತ್ತವೆ. ನಿದ್ರೆ ತೀರಿ, ಮೊಬೈಲು ತಣ್ಣಗಾಗಿ, ಮರಳಿನ ಮೇಲೆ ಎಲ್ಲರೂ ಕಾಲು ಚಾಚಿ ಕುಳಿತ ಒಂದು ಸಂಜೆ, ಯಾವ ಪ್ರಸಂಗವೂ ಇಲ್ಲದೆ, ಅಣ್ಣತಮ್ಮಂದಿರ ನಡುವೆ ಹಳೆಯ ಬಾವಿಯ ಪಾಲಿನ ಮಾತು ಎದ್ದಿತು. ತಂದೆ ಬದುಕಿದ್ದಾಗ ಯಾರು ಏನೆಂದರು, ಬೋರು ಕೊರೆಸಿದಾಗ ಯಾರು ಎಷ್ಟು ಹಾಕಿದರು, ಹಂಚಿಕೆಯ ದಿವಸ ಯಾರ ಹೆಂಡತಿ ಮುಖ ತಿರುಗಿಸಿದಳು, ಎಲ್ಲವೂ ನಿನ್ನೆಯದೆಂಬಂತೆ ಬಂದವು. ಸೂಟಿ ಕೆಟ್ಟಿತೆಂದು ಹೆಂಗಸರು ನೊಂದುಕೊಂಡರು. ನನಗಾದರೋ ಅಲ್ಲಿಯೇ ಸೂಟಿ ಆರಂಭವಾದಂತೆ ತೋರಿತು; ಊರಿನಲ್ಲಿದ್ದರೆ ಆ ಮಾತು ಸಿಟ್ಟಾಗಿ ಕೋರ್ಟಿನ ಮೆಟ್ಟಿಲನ್ನು ಹತ್ತುತ್ತಿದ್ದಿತು, ಇಲ್ಲಿ ಎದ್ದುಹೋಗಲು ಹೊಲವಿಲ್ಲ, ಮೋಟರಿಲ್ಲ, ನೆವವಿಲ್ಲವಾಗಿ, ಇಬ್ಬರೂ ಕುಳಿತೇ ಇರಬೇಕಾಯಿತು; ಕುಳಿತಂತೆಯೇ ಮಾತು ತಗ್ಗಿತು, ತಗ್ಗಿ ನಿಂತಿತು. ಪಾಲಿನ ಪ್ರಶ್ನೆ ಬಗೆಹರಿಯಲಿಲ್ಲ. ಆದರೆ ಅದನ್ನು ಹೊತ್ತುಕೊಂಡೇ ಒಂದೇ ಚಾಪೆಯ ಮೇಲೆ ಕೂಡಬಹುದೆಂಬುದು ಇಬ್ಬರಿಗೂ ತಿಳಿಯಿತು.

ಕೊನೆಯದು ರಸಾಸ್ವಾದ. ಮನಸ್ಸು ತುಸು ಹಗುರಾದ ಕೂಡಲೇ ಆ ಹಗುರನ್ನೇ ಹಿಡಿದಿಟ್ಟುಕೊಳ್ಳುವ ಆಸೆ ಹುಟ್ಟುತ್ತದೆ. ಪ್ರತಿ ವರ್ಷ ಬರಬೇಕು, ಇಲ್ಲಿಯೇ ಒಂದು ಗುಂಟೆ ಜಾಗ ಹಿಡಿಯಬೇಕು, ಸೂರ್ಯ ಮುಳುಗುವುದರೊಳಗೆ ಎಲ್ಲರ ಫೋಟೋ ಆಗಬೇಕು ಎಂದು ಬಿಡುವೇ ಒಂದು ಹೊಸ ದುಡಿತವಾಗಿ ಬೆಳೆಯುವುದು ಈ ಘಟ್ಟದಲ್ಲಿ. ವೇದಾಂತಿಗಳು ಇದನ್ನು ವಿಘ್ನವೆಂದರೇ ಹೊರತು ಪಾಪವೆನ್ನಲಿಲ್ಲ. ಸುಖವು ಬಂದಿತೆಂಬುದಕ್ಕೆ ಅದೇ ಸಾಕ್ಷಿ, ಸುಖದ ಬಳಿ ನಿಂತುಬಿಟ್ಟೆವೆಂಬುದಕ್ಕೂ ಅದೇ ಸಾಕ್ಷಿ.

ಈ ನಾಲ್ಕನ್ನೂ ದಾಟಿಸುವ ಸಾಧನವಾವುದು? ಬಲಾತ್ಕಾರವಂತೂ ಅಲ್ಲವೆಂಬುದರಲ್ಲಿ ನಮ್ಮ ಆಚಾರ್ಯರಿಗೆ ಭಿನ್ನಾಭಿಪ್ರಾಯವಿಲ್ಲ. ಗೀತೆಯ ಆರನೆಯ ಅಧ್ಯಾಯದಲ್ಲಿ ಮನಸ್ಸನ್ನು ನಿವೃತ್ತಿಗೊಳಿಸುವ ಬಗೆಯನ್ನು ಹೇಳುವಾಗ ಶ್ರೀಕೃಷ್ಣನು ನಿಧಾನವನ್ನು ಒಮ್ಮೆ ಹೇಳಿ ತೃಪ್ತನಾಗದೆ ದ್ವಿರುಕ್ತಿಯಿಂದ ಹೇಳಿರುವನು. ದರ್ಭೆಯ ತುದಿಯಿಂದ ಒಂದೊಂದೇ ಹನಿಯಾಗಿ ಸಮುದ್ರವನ್ನು ಬತ್ತಿಸಲು ಹೊರಟವನಲ್ಲಿ ಎಂತಹ ಬೇಸರವಿಲ್ಲದ ತಾಳ್ಮೆಯಿರಬೇಕೋ ಅಂತಹುದೇ ಮನೋನಿಗ್ರಹಕ್ಕೂ ಬೇಕೆಂದು ಗೌಡಪಾದಕಾರಿಕೆಯ ಅದ್ವೈತಪ್ರಕರಣವು ಹೇಳುತ್ತದೆ. ಪತಂಜಲಿಯು ಆಸನವು ಸಿದ್ಧಿಸುವುದಕ್ಕೆ ಎರಡು ಉಪಾಯಗಳನ್ನು ಕೊಟ್ಟನು: ಪ್ರಯತ್ನವನ್ನು ಸಡಿಲಿಸುವುದೊಂದು, ಅನಂತದಲ್ಲಿ ಚಿತ್ತವನ್ನು ನೆಲೆಗೊಳಿಸುವುದು ಇನ್ನೊಂದು. ಭೂಮಿಯನ್ನು ಹೊತ್ತೂ ಅಲುಗದ ಶೇಷನೇ ಆ ಅನಂತನೆಂದು ವಾಚಸ್ಪತಿ ಮಿಶ್ರರು ವ್ಯಾಖ್ಯಾನಿಸಿದರು. ಮೇರೆಯಿಲ್ಲದುದೆಂದು ಇತರರು ವ್ಯಾಖ್ಯಾನಿಸಿದರು. ಯಾವುದನ್ನು ಹಿಡಿದರೂ, ಸಾಮಾನ್ಯನು ಕುಳಿತಲ್ಲಿಯೇ ಕಣ್ಣಿನಿಂದ ಕಾಣಬಹುದಾದ ಅನಂತವು ಆಕಾಶವನ್ನು ಬಿಟ್ಟರೆ ಕಡಲೊಂದೇ. ಜತ್ತದ ಮಡ್ಡಿಯ ಮೇಲೆ ಆಕಾಶವು ಬೇಕಾದಷ್ಟಿದ್ದರೂ, ಅದನ್ನು ನೋಡುವ ರೈತನ ಕಣ್ಣು ಮೋಡವನ್ನು ಹುಡುಕುತ್ತದಾದುದರಿಂದ, ಅದು ಅವನಿಗೆ ಅನಂತವಾಗಿ ಒದಗಿ ಬರುವುದಿಲ್ಲ. ಕಡಲಿನಲ್ಲಿ ಅವನು ಹುಡುಕುವುದೇನೂ ಇಲ್ಲ. ಕಡಲಿನ ನೀರು ಪಾಳಿಗೆ ಬರದು, ಬೆಳೆಗೆ ಬರದು, ಬಾಯಿಗೆ ಬರದು. ತನಗೆ ಯಾವ ಉಪಯೋಗವೂ ಇಲ್ಲದ ಇಷ್ಟು ದೊಡ್ಡ ವಸ್ತುವನ್ನು ಅವನು ಮೊದಲ ಸಲ ಕಾಣುವುದು ಅಲ್ಲಿಯೇ. ಅಶ್ವತ್ಥವನ್ನೂ ಸಾಗರವನ್ನೂ ಸದಾ ಸೇವಿಸಬೇಕು, ಮುಟ್ಟುವುದು ಮಾತ್ರ ಉಚಿತಕಾಲದಲ್ಲಿ ಎಂದು ಧರ್ಮಶಾಸ್ತ್ರವು ಹೇಳಿದುದರ ಹೃದಯವೂ ಇದೇ ಇದ್ದೀತು: ನೋಡುವುದಕ್ಕಾಗಿಯೇ ಇರುವ ಕೆಲವು ವಸ್ತುಗಳು ಲೋಕದಲ್ಲಿರಲಿ.

ನಿಧಾನದ ಈ ಹಾದಿಗೆ ಜತ್ತದ ನೆಲದಲ್ಲಿಯೇ ಒಬ್ಬ ಮಹನೀಯರು ಆಗಿಹೋಗಿದ್ದಾರೆ. ನಿಂಬರಗಿ ಮಹಾರಾಜರ ಶಿಷ್ಯರಾಗಿ ಇಂಚಗೇರಿ ಸಂಪ್ರದಾಯವನ್ನು ನೆಲೆಗೊಳಿಸಿದ ಉಮದಿಯ ಭಾವೂಸಾಹೇಬ ಮಹಾರಾಜರು (1843–1914) ನಾಮಸ್ಮರಣೆಯನ್ನು ದಿನಕ್ಕೆ ಹಲವು ತಾಸು, ವರ್ಷಾನುಗಟ್ಟಲೆ, ಬೇಸರವಿಲ್ಲದೆ ನಡೆಸುವ ಪಿಪೀಲಿಕಾಮಾರ್ಗವನ್ನು ಬೋಧಿಸಿದರು; ಪ್ರಯಾಗದ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದು ನಿಂಬಾಳದಲ್ಲಿ ನೆಲೆಸಿದ ಗುರುದೇವ ರಾನಡೆಯವರು ಅವರ ಶಿಷ್ಯರು. ಇನ್ನೊಬ್ಬ ಶಿಷ್ಯರಾದ ಸಿದ್ಧರಾಮೇಶ್ವರ ಮಹಾರಾಜರು ಮುಂದೆ ವಿಚಾರಪ್ರಧಾನವಾದ ವಿಹಂಗಮಮಾರ್ಗವನ್ನು ಹಿಡಿದರು. ವರಾಹೋಪನಿಷತ್ತಿನಷ್ಟು ಹಿಂದೆಯೇ ಹೆಸರು ಪಡೆದ ಈ ಎರಡು ಹಾದಿಗಳಲ್ಲಿ ಯಾವುದು ಮೇಲೆಂಬ ಚರ್ಚೆ ಇಲ್ಲಿ ಅಪ್ರಸ್ತುತ. ಮರವನ್ನು ಮೆಟ್ಟುಮೆಟ್ಟಾಗಿ ಏರುವ ಇರುವೆಯ ಹಾದಿಯೇ ಬಿಡುವನ್ನು ಕಲಿಯುವ ಗೃಹಸ್ಥನಿಗೆ ಒಪ್ಪುವುದೆಂಬುದಷ್ಟೇ ನನ್ನ ಅಭಿಪ್ರಾಯ. ಗಣಪತಿಪುಳೆಯಲ್ಲಿ ಸ್ವಯಂಭುವಾದ ಗಣಪತಿಯು ಪಡುವಣ ಕಡಲಿಗೆ ಮುಖಮಾಡಿ ನಿಂತಿರುವನಲ್ಲದೆ, ಬೆನ್ನಿನ ಗುಡ್ಡವೇ ಅವನ ಮೂರ್ತಿಯೆಂಬ ಭಾವನೆಯಿಂದ ಭಕ್ತರು ಇಡೀ ಗುಡ್ಡಕ್ಕೆ ಪ್ರದಕ್ಷಿಣೆ ಬರುತ್ತಾರೆ. ಗರ್ಭಗುಡಿಯನ್ನು ಅವಸರದಿಂದ ಸುತ್ತಿಬಿಡಬಹುದು. ಸುಮಾರು ಒಂದು ಕಿಲೋಮೀಟರಿನ ಗುಡ್ಡವನ್ನು ಮೊಣಕಾಲು ನೋವಿನ ಮುದುಕಿಯೊಡನೆ ಅವಸರದಿಂದ ಸುತ್ತಲಾಗದು. ನಮ್ಮ ತಂಡದ ನಡಿಗೆಯನ್ನು ಮೊದಲಬಾರಿಗೆ ಒಂದೇ ಹದಕ್ಕೆ ತಂದುದು ಆ ಪ್ರದಕ್ಷಿಣೆ.

ಆ ರಾತ್ರಿ ಊಟವಾದ ಮೇಲೆ ಎಲ್ಲರೂ ದಂಡೆಯಲ್ಲಿ ಕುಳಿತಿರುವಾಗ, ಯಜಮಾನನ ತಾಯಿ ಬಹಳ ಹೊತ್ತು ಕತ್ತಲೆಯ ಕಡೆಗೆ ಕಿವಿಗೊಟ್ಟಿದ್ದು ಮಗನನ್ನು ಕೇಳಿದಳು: “ಇಷ್ಟ ರಾತ್ರಿ ಆತು, ಇದನ್ನ ಬಂದ್ ಮಾಡಾವ್ರು ಯಾರೂ ಇಲ್ಲೇನೋ?”

ಮಗನು ನಕ್ಕು, “ಚಾಲೂ ಮಾಡಿದಾವ್ರ ಇಲ್ಲ, ಬಂದ್ ಯಾರ್ ಮಾಡ್ತಾರ ಯವ್ವಾ?” ಎಂದನು.

ಹೇಳಿದವನು ತನ್ನ ಮಾತನ್ನು ತಾನೇ ಕೇಳಿಸಿಕೊಂಡಂತೆ ಸುಮ್ಮನಾದನು. ನಾನು ಈ ಪ್ರಬಂಧದಲ್ಲಿ ಹೇಳಬೇಕೆಂದಿರುವುದೆಲ್ಲವೂ ಆ ಮಾತಿನಲ್ಲಿದೆ. ನಮ್ಮ ದಣಿವು ದುಡಿತದಿಂದ ಬರುವುದಕ್ಕಿಂತ ಹೆಚ್ಚಾಗಿ, ನಾನು ಚಾಲೂ ಮಾಡದಿದ್ದರೆ ಯಾವುದೂ ನಡೆಯದು ಎಂಬ ಕರ್ತೃತ್ವದ ಅಭಿಮಾನದಿಂದ ಬರುತ್ತದೆ. ಮೋಟರನ್ನು ನಾನೇ ಹಚ್ಚಬೇಕು ನಿಜ. ಆದರೆ ಬೇರಿನಿಂದ ನೀರನ್ನು ಮೇಲೆಳೆಯುವವನು ನಾನಲ್ಲ, ಗೊನೆಯಲ್ಲಿ ಸಿಹಿಯನ್ನು ತುಂಬುವವನು ನಾನಲ್ಲ. ಈ ಅಭಿಮಾನವು ಬುದ್ಧಿವಾದದಿಂದ ಕಳಚುವುದಿಲ್ಲ, ಒಮ್ಮೆಲೇ ಕಳಚುವುದಿಲ್ಲ. ಯಾರ ಪ್ರಯತ್ನವೂ ಇಲ್ಲದೆ ನಡೆಯುತ್ತಲೇ ಇರುವ ಮಹಾಕರ್ಮವೊಂದರ ಮುಂದೆ ಸಾಕಷ್ಟು ಹೊತ್ತು ಕುಳಿತರೆ, ಅದು ತಾನಾಗಿಯೇ ನಾಚಿಕೊಳ್ಳುತ್ತದೆ. ಕಡಲು ನಿಶ್ಚಲವಾದುದರಿಂದ ನಮಗೆ ವಿಶ್ರಾಂತಿ ಕೊಡುವುದೆಂದು ಹೇಳಲು ಬಾರದು, ಅದರಷ್ಟು ಚಂಚಲವಾದುದು ಬೇರೊಂದಿಲ್ಲ. ಎಲ್ಲ ನದಿಗಳು ಬಂದು ಹೊಕ್ಕರೂ ಮೇರೆಮೀರದ ಸಮುದ್ರವನ್ನು ಗೀತೆಯು ಸ್ಥಿತಪ್ರಜ್ಞನಿಗೆ ಹೋಲಿಸಿದುದು ಅದರ ನಿಷ್ಕ್ರಿಯತೆಗಾಗಿ ಅಲ್ಲವಷ್ಟೆ. ಕರ್ಮವು ನಡೆಯುತ್ತಿದೆ, ಕರ್ತೃವಿನ ಬಿಗಿಯಿಲ್ಲ: ಇದೇ ಬಿಡುವಿನ ಲಕ್ಷಣ. ಈ ಲಕ್ಷಣವನ್ನು ಕಲಿತವನು ತೋಟಕ್ಕೆ ಮರಳಿ ಚಾಟಣಿಯ ಕತ್ತರಿಯನ್ನು ಹಿಡಿದಾಗಲೂ ಬಿಡುವಿನಲ್ಲಿಯೇ ಇರುತ್ತಾನೆ. ಆದುದರಿಂದ ವಿಶ್ರಾಂತಿಯು ಕಾಯಕದ ಕೂಲಿಯಲ್ಲ, ನಾಳಿನ ದುಡಿತಕ್ಕೆ ಕೂಡಿಟ್ಟ ಬಲವೂ ಅಲ್ಲ. ಕಾಯಕವನ್ನು ಅದರ ಅಳತೆಗೆ ತಂದು ನಿಲ್ಲಿಸುವ ಸಾಧನೆ ಅದು. ಲಕ್ಕಮ್ಮನು ಮಾರಯ್ಯನಿಂದ ಬಯಸಿದುದೂ ಇದನ್ನೇ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಕಡಲು ನಮಗೆ ಬಿಡುವಿನ ತಾಣವಾದರೂ ದಂಡೆಯ ಮೀನುಗಾರನಿಗೆ ಅದು ಹೊಲವೇ ಸರಿ. ನಾವು ಅನಂತವನ್ನು ಕಾಣುವ ಕಡೆ ಅವನು ಗಾಳಿಯನ್ನೂ ಉಬ್ಬರವಿಳಿತಗಳನ್ನೂ ಕಾಣುತ್ತಾನೆ. ನಾವು ಮೋಡವನ್ನು ಹುಡುಕುವ ಆಕಾಶದಲ್ಲಿ ಅವನು ಅನಂತವನ್ನು ಕಂಡಾನು. ಆದರೆ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿವಸ, ಯಂತ್ರದ ದೋಣಿಗಳಿಗೆ ಮೀನು ಹಿಡಿಯಲು ನಿಷೇಧವಿದೆ. ಮೀನು ಮೊಟ್ಟೆಯಿಡುವ ಕಾಲವದು. ಬಳಿಕ ನೂಲಹುಣ್ಣಿಮೆಗೆ ಕೋಳಿ ಸಮುದಾಯದ ಮೀನುಗಾರರು ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸಿ ಮತ್ತೆ ನೀರಿಗಿಳಿಯುತ್ತಾರೆ. ನಾವು ಎತ್ತಿಗೆ ಸೋಮವಾರವನ್ನು ಕೊಟ್ಟಂತೆ ಅವರು ಕಡಲಿಗೆ ಎರಡು ತಿಂಗಳನ್ನು ಕೊಡುತ್ತಾರೆ. ದುಡಿಸಿಕೊಂಡುದಕ್ಕೆ ಬಿಡುವನ್ನು ಕೊಡಬೇಕೆಂಬುದೇ ಎರಡರ ತಿರುಳು.

ಅಂದಮೇಲೆ ಬಿಡುವಿನ ಧರ್ಮವು ನಾನು ಎಷ್ಟು ಹಗುರಾದೆನೆಂಬುದರಲ್ಲಿ ಮುಗಿಯುವುದಿಲ್ಲ. ನನ್ನ ಬಿಡುವನ್ನು ಯಾರು ಹೊತ್ತರು ಎಂಬ ಲೆಕ್ಕವೂ ಅದಕ್ಕೆ ಸೇರಿದೆ. ನಮ್ಮ ತಂಡದ ಗಾಡಿಯಲ್ಲಿ ಹಾಸಿಗೆಯ ಗಂಟುಗಳ ನಡುವೆ ಒಂದು ಗ್ಯಾಸಿನ ಒಲೆ, ಜೋಳದ ಹಿಟ್ಟಿನ ಡಬ್ಬಿ, ಶೇಂಗಾ ಹಿಂಡಿ, ರೊಟ್ಟಿಯ ಹಂಚುಗಳಿದ್ದವು; ಹೊರಗಿನ ಊಟ ತುಟ್ಟಿ, ಅಲ್ಲದೆ ಹಿರಿಯರಿಗೆ ಒಗ್ಗದು. ಆದುದರಿಂದ ಗಂಡಸರ ಮನಸ್ಸು ವಿಕ್ಷೇಪದಿಂದ ರಸಾಸ್ವಾದದವರೆಗೆ ನಾಲ್ಕು ಹೊಳೆಗಳನ್ನು ಹಾಯುತ್ತಿರುವಾಗ, ಮನೆಯ ಸೊಸೆಯು ಊರಿನಲ್ಲಿ ಬಡಿಯುತ್ತಿದ್ದ ರೊಟ್ಟಿಯನ್ನೇ ಕಡಲ ದಂಡೆಯಲ್ಲಿ ಬಡಿಯುತ್ತಿದ್ದಳು. ಅವಳ ಕರ್ತೃತ್ವವನ್ನು ಸಡಿಲಿಸಲು ಯಾವ ಸೂತ್ರಕಾರನೂ ಬರಲಿಲ್ಲ. ಅತ್ತ ತೋಟದಲ್ಲಿ ‘ತಮ್ಮಾ’ ಎನಿಸಿಕೊಂಡ ಆ ಆಳು ಲೈಟು ಬರುವ ದಾರಿ ಕಾಯುತ್ತ ರಾತ್ರಿ ಎದ್ದಿರುತ್ತಿದ್ದನು. ದಸರೆ ಮುಗಿಯುತ್ತಲೇ ಮುಕಾದಮನ ಮುಂಗಡಕ್ಕೆ ಕಟ್ಟುಬಿದ್ದು, ಗಂಡಹೆಂಡಿರು ಜೋಡಿಯಾಗಿ, ಮಕ್ಕಳನ್ನೂ ಕಟ್ಟಿಕೊಂಡು, ಕೃಷ್ಣಾ ವಾರಣಾ ತೀರದ ಸಕ್ಕರೆ ಕಾರಖಾನೆಗಳಿಗೆ ಕಬ್ಬು ಕಡಿಯಲು ಹೋಗುವ ಕುಟುಂಬಗಳು ಇದೇ ತಾಲೂಕಿನಲ್ಲಿ ಎಷ್ಟೋ ಇವೆ. ಇಡೀ ಮನೆತನವು ಗಾಡಿಯೇರಿ ಪಡುವಣಕ್ಕೆ ಹೊರಡುವುದೆಂದರೆ ಅವರ ಪಾಲಿಗೆ ಅದೇ, ಸೂಟಿಯಲ್ಲ. ಆಳಿಗೂ ಎತ್ತಿಗೂ ಪರದೇಶಿಗೂ ಸೇರಿಸಿಯೇ ವಿರಾಮವನ್ನು ವಿಧಿಸಿದ ಆ ಹಳೆಯ ಶಾಸನಕಾರನು ಇದನ್ನು ಬಲ್ಲವನಾಗಿದ್ದನು. ಮನೆಯ ಒಬ್ಬರಿಗೆ ದೊರೆಯದ ಬಿಡುವು ಉಳಿದವರ ಪಾಲಿಗೆ ಲಕ್ಕಮ್ಮನು ಹಿಂದಕ್ಕೆ ಕಳುಹಿದ ಅಕ್ಕಿ. ಅಳತೆಗಿಂತ ಹೆಚ್ಚಾದುದು, ನಮಗೆ ಸಲ್ಲದುದು.

ಬರುವ ವರ್ಷ ಕಡಲಿಗೆ ಹೊರಡುವ ಮನೆಯವರಲ್ಲಿ ನನ್ನದೊಂದು ವಿನಂತಿಯುಂಟು. ಒಲೆಯನ್ನು ಊರಿನಲ್ಲಿಯೇ ಬಿಟ್ಟು ಹೊರಡಿರಿ. ಅದಾಗದಿದ್ದರೆ ರೊಟ್ಟಿ ಬಡಿಯುವ ಪಾಳಿಯನ್ನು ಗಂಡಸರು ಹಚ್ಚಿಕೊಳ್ಳಿರಿ. ತೋಟ ಕಾಯ್ದ ಆಳಿಗೆ, ನೀವು ಮರಳಿದ ಮೇಲೆ, ನೀವು ಕಳೆದಷ್ಟೇ ದಿವಸಗಳ ಸೂಟಿಯನ್ನು ಸಂಬಳ ಕಡಿಯದೆ ಕೊಡಿರಿ. ಎಲ್ಲಿಗೆ ಹೋಗುತ್ತೀ, ಏನು ಮಾಡುತ್ತೀ ಎಂದು ಕೇಳಬೇಡಿರಿ.